ಟ್ರೇನಿಂಗ್‌ನಲ್ಲಿ 0.84, ಹೊರಗಿನ ಡೇಟಾದಲ್ಲಿ 0.53. ಕರುಳಿನ ಕ್ಯಾನ್ಸರ್ ಮಾಡೆಲ್ ಕೈಕೊಡುತ್ತಿದೆ

ಕೋಶಕುತೂಹಲಿ: ತಲೆ ಕೆಟ್ಟುಹೋಗಿದೆ. ಆಪರೇಷನ್ ಆದಮೇಲೆ ಯಾರಿಗೆ ಕ್ಯಾನ್ಸರ್ ಮರುಕಳಿಸುತ್ತದೆ ಅಂತ ಹೇಳುವ ಮಾಡೆಲ್ ಇದು. ಜಿಎಸ್ಇ39582 ಅನ್ನುವ ಸಾರ್ವಜನಿಕ ಜೀನ್ ಡೇಟಾದಲ್ಲಿ ಲ್ಯಾಸೊ ಕಾಕ್ಸ್ (ಮುಖ್ಯ ಜೀನ್‌ಗಳನ್ನಷ್ಟೇ ಉಳಿಸಿಕೊಂಡು ಮರುಕಳಿಸುವ ಅಪಾಯ ಅಂದಾಜಿಸುವ ಲೆಕ್ಕ) ಓಡಿಸಿದರೆ ಸಿ-ಇಂಡೆಕ್ಸ್ (ಯಾರಿಗೆ ಮೊದಲು ಮರುಕಳಿಸುತ್ತದೆ ಅಂತ ಎಷ್ಟು ಸರಿಯಾಗಿ ಹೇಳಿತು ಅನ್ನುವ ಅಂಕ, 1 ಅಂದರೆ ಪೂರ್ತಿ ಸರಿ) 0.84. ಅದನ್ನೇ ಇನ್ನೊಂದು ಡೇಟಾ ಜಿಎಸ್ಇ17536ರ ಮೇಲೆ ಹಾಕಿದರೆ 0.53. ನಾಣ್ಯ ಚಿಮ್ಮಿದರೂ 0.5 ಬರುತ್ತದೆ! ಕೋಡ್ ಎಲ್ಲ ಸರಿಯಿದೆ, ಅದನ್ನು ಕೇಳಬೇಡಿ.

ಬ್ಯಾಚ್‌ಭೈರವ: ಬ್ಯಾಚ್ ಎಫೆಕ್ಟ್, ಅಂದರೆ ಬೇರೆ ಬೇರೆ ಕಡೆ ಅಳೆದಿದ್ದಕ್ಕೇ ಬರುವ ವ್ಯತ್ಯಾಸ. ಒಂದು ಫ್ರಾನ್ಸ್‌ನ ಸ್ಯಾಂಪಲ್, ಇನ್ನೊಂದು ಅಮೆರಿಕದ್ದು. ಅದನ್ನು ಸರಿಮಾಡುವ ಕಾಂಬ್ಯಾಟ್ ಹಾಕಿ.

ಕೋಶಕುತೂಹಲಿ: ಹಾಕಿದೆ. 0.54.

ಬ್ಯಾಚ್‌ಭೈರವ: ಹಾಗಾದರೆ ಆರ್‌ಎಂಎ (ಚಿಪ್ ಅಳತೆಗಳನ್ನು ಒಂದೇ ಮಟ್ಟಕ್ಕೆ ತರುವ ವಿಧಾನ) ಎರಡಕ್ಕೂ ಒಟ್ಟಿಗೆ ಮಾಡಿಲ್ಲ. ಚಿಪ್ಪಿನ ಕಚ್ಚಾ ಸೆಲ್ ಫೈಲಿನಿಂದಲೇ ಮತ್ತೆ ಶುರು ಮಾಡಿ. ನನ್ನ ಮೆಷಿನ್ 128 ಜಿಬಿ, ಟೀ ಕುಡಿಯುವುದರೊಳಗೆ ಮುಗಿಯುತ್ತದೆ.

ಪೈತಾನ್‌ಪುಟ್ಟ: ಇನ್ನೂ ಆರ್ ಭಾಷೆಯಲ್ಲೇ ಇದ್ದೀರಾ? ಪೈತಾನ್‌ನ ಸೈಕಿಟ್-ಸರ್ವೈವಲ್‌ಗೆ ಬನ್ನಿ.

ಸ್ಲೈಡ್‌ಮೇಷ್ಟ್ರು: ಭಾಷೆ ಬದಲಿಸಿದರೆ ಗಡ್ಡೆ ಬದಲಾಗುವುದಿಲ್ಲ ಪುಟ್ಟಾ. ಎರಡೂ ಅಫಿಮೆಟ್ರಿಕ್ಸ್ ಯು133 ಪ್ಲಸ್ 2.0 ಚಿಪ್ಪೇ (ಜೀನ್ ಚಟುವಟಿಕೆ ಅಳೆಯುವ ಮೈಕ್ರೋಅರೇ), ಬ್ಯಾಚ್ ಒಂದನ್ನೇ ಹಿಡಿದು ಜಗ್ಗಬೇಡಿ. ಯಾವ ಸ್ಟೇಜಿನವರು ಅಂತ ಯಾರೂ ಕೇಳಲೇ ಇಲ್ಲವಲ್ಲ?

ಕೋಶಕುತೂಹಲಿ: ಟ್ರೇನಿಂಗ್‌ಗೆ ಎಲ್ಲ ಸ್ಟೇಜೂ ಇದೆ, ಟೆಸ್ಟ್ ಮಾತ್ರ ಸ್ಟೇಜ್ 2 (ಕ್ಯಾನ್ಸರ್ ಇನ್ನೂ ದುಗ್ಧಗ್ರಂಥಿಗೆ ಹರಡದ ಹಂತ). ಅದು ಗೊತ್ತಿರುವುದೇ ಅಲ್ವಾ? ಮೊದಲು ಎಲ್ಲ ಸ್ಯಾಂಪಲ್ ಮೇಲೂ ಪಿ-ವ್ಯಾಲ್ಯೂ (ನಂಟು ಬರೀ ಆಕಸ್ಮಿಕವೇ ಅಂತ ಅಳೆಯುವ ಅಂಕಿ) ನೋಡಿ 50 ಜೀನ್ ಆರಿಸಿದೆ, ಆಮೇಲೆ ಕ್ರಾಸ್ ವ್ಯಾಲಿಡೇಶನ್ (ಡೇಟಾವನ್ನು ಫೋಲ್ಡ್ ಅನ್ನುವ ಭಾಗಗಳಾಗಿ ಒಡೆದು, ಒಂದೊಂದನ್ನೇ ಬದಿಗಿಟ್ಟು ಪರೀಕ್ಷಿಸುವುದು).

ಸ್ಲೈಡ್‌ಮೇಷ್ಟ್ರು: ಅಯ್ಯೋ, ಇದನ್ನು ಮೊದಲೇ ಹೇಳಬಾರದಾ! ಜೀನ್ ಆರಿಸುವುದೂ ಪ್ರತಿ ಫೋಲ್ಡ್‌ನ ಒಳಗೇ ಆಗಬೇಕು, ಇಲ್ಲದಿದ್ದರೆ ಬದಿಗಿಟ್ಟವರ ಉತ್ತರವೂ ಮೊದಲೇ ಸೋರಿರುತ್ತದೆ, 0.84 ಸುಮ್ನೆ ಉಬ್ಬಿದ ಅಂಕಿ. ಜೊತೆಗೆ ಎಲ್ಲ ಸ್ಟೇಜ್ ಕಲಸಿದ್ದರಿಂದ ಮಾಡೆಲ್ ಕಲಿತದ್ದು ಸ್ಟೇಜನ್ನೇ, ಟೆಸ್ಟ್‌ನಲ್ಲಿ ಎಲ್ಲರೂ ಸ್ಟೇಜ್ 2 ಆದಾಗ ಅದಕ್ಕೆ ಹೇಳಲು ಏನೂ ಉಳಿಯಲಿಲ್ಲ. 17536ರಲ್ಲಿ ಸ್ಟೇಜ್ 2ರವರು 60 ಜನವೂ ಇಲ್ಲ, ಅದರಲ್ಲಿ ಮರುಕಳಿಸಿದವರು ಇನ್ನೂ ಕಮ್ಮಿ. 0.53ನ್ನೂ ಜಾಸ್ತಿ ನಂಬಬೇಡಿ. ಸ್ಟೇಜ್ 2ರಲ್ಲಿ ಡಿಎಂಎಂಆರ್ ಗಡ್ಡೆ (ಡಿಎನ್ಎ ತಪ್ಪು ತಿದ್ದುವ ಎಂಎಂಆರ್ ವ್ಯವಸ್ಥೆ ಕೆಟ್ಟಿರುವ ಗಡ್ಡೆ) ಇದ್ದವರಿಗೆ ಮರುಕಳಿಸುವುದು ಕಡಿಮೆ. 39582ರಲ್ಲೇ ಎಂಎಂಆರ್ ಕಾಲಂ ಇದೆ, ಕೀಮೋ ಕಾಲಮ್ಮೂ ಇದೆ. ಟಿ4 (ಕರುಳಿನ ಹೊರಪದರ ದಾಟಿದ ಗಡ್ಡೆ) ಮತ್ತು ಎಂಎಂಆರ್ ಎರಡೇ ಇಟ್ಟು ಸಾದಾ ಕಾಕ್ಸ್ ಓಡಿಸಿ. ನಿಮ್ಮ ಜೀನ್‌ಗಳು ಅದನ್ನು ಮೀರಿಸಿದರೆ ಮಾತಾಡೋಣ.

ರಕ್ತಬಿಂದು: ಜೀನ್ ಪಟ್ಟಿಯ ಕಾಲ ಹೋಯಿತು ಸಾರ್. ಈಗ ಸಿಟಿಡಿಎನ್ಎ, ಅಂದರೆ ರಕ್ತದಲ್ಲಿ ಸಿಗುವ ಗಡ್ಡೆಯ ಡಿಎನ್ಎ. ಆಸ್ಟ್ರೇಲಿಯಾದ ಡೈನಾಮಿಕ್ ಟ್ರಯಲ್ 2022ರಲ್ಲೇ ಬಂತು, ಸ್ಟೇಜ್ 2ರ 455 ಜನ. ರಕ್ತ ನೋಡಿ ತೀರ್ಮಾನಿಸಿದ ಗುಂಪಿನಲ್ಲಿ ಕೀಮೋ ಪಡೆದವರು 15%, ಮಾಮೂಲಿ ಗುಂಪಿನಲ್ಲಿ 28%. ಎರಡು ವರ್ಷ ಮರುಕಳಿಸದೆ ಉಳಿದವರು 93.5% ಮತ್ತು 92.4%.

ಕೋಶಕುತೂಹಲಿ: ನನ್ನ ಹತ್ತಿರ ಇರುವುದು ಮೈಕ್ರೋಅರೇ, ರಕ್ತ ಎಲ್ಲಿಂದ ತರಲಿ? ಸ್ಟೇಜ್ 2 ಮಾತ್ರ ಇಟ್ಟು, ಫೋಲ್ಡ್ ಒಳಗೇ ಜೀನ್ ಆರಿಸಿ ಓಡಿಸಿದೆ. ಟ್ರೇನಿಂಗ್ ಡೇಟಾದಲ್ಲೇ 0.61ಕ್ಕೆ ಇಳಿಯಿತು. ಗೈಡ್‌ಗೆ 0.84 ಅಂತ ಆಗಲೇ ಸ್ಲೈಡ್ ಕಳಿಸಿದ್ದೇನೆ.

ಸ್ಲೈಡ್‌ಮೇಷ್ಟ್ರು: 0.61 ನಿಜವಾದ ಅಂಕಿ. ಟಿ4-ಎಂಎಂಆರ್ ಮಾಡೆಲ್ ಎಷ್ಟು ಕೊಟ್ಟಿತು?

ಪೈತಾನ್‌ಪುಟ್ಟ: ಭೈರವಣ್ಣ, ಆ 128 ಜಿಬಿ ಎಷ್ಟಕ್ಕೆ ಬಿತ್ತು? ಎಸ್‌ಪಿ ರೋಡಲ್ಲಿ ತಗೊಂಡಿದ್ದಾ?