ಪೋರ್ಟ್‌ಫೋಲಿಯೋ ಪರ್ಫಾರ್ಮೆನ್ಸ್‌ನಲ್ಲಿ ಹೂಡಿಕೆಗಳನ್ನು ಹೇಗೆ ವಿಂಗಡಿಸ್ತೀರಿ?

ಪ್ರಶ್ನೆ: ಷೇರು, ಏಳು ಮ್ಯೂಚುವಲ್ ಫಂಡ್, ಪಿಪಿಎಫ್, ಸ್ವಲ್ಪ ಗೋಲ್ಡ್ ಬಾಂಡ್ ಎಲ್ಲ ಈ ಹೂಡಿಕೆ ಲೆಕ್ಕದ ತಂತ್ರಾಂಶಕ್ಕೆ ಹಾಕಿ ಆಯ್ತು. ‘ಲಾರ್ಜ್ ಕ್ಯಾಪ್’, ‘ಮಗಳ ಓದು’, ‘ತೆರಿಗೆ ಉಳಿತಾಯ’, ‘ಹೆಂಡತಿ ಡಿಮ್ಯಾಟ್’ ಅಂತ ಗುಂಪು ಮಾಡಿದರೆ ಒಂದೇ ಫಂಡ್ ಮೂರು ಕಡೆ ಸೇರಬೇಕಾಗ್ತಿದೆ. ನೀವೆಲ್ಲ ಹೇಗೆ ಮಾಡ್ತೀರಿ?

— ನಾಲ್ಕು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಪಟ್ಟಿಗೆ ತುರುಕಿದ್ದೀರಿ, ಗೋಜಲು ಅಲ್ಲಿಂದಲೇ. ಯಾರದ್ದು ಅನ್ನೋದು ಖಾತೆಯ ವಿಷಯ: ಒಬ್ಬೊಬ್ಬರ ಡಿಮ್ಯಾಟ್‌ಗೂ ಬೇರೆ ಸೆಕ್ಯುರಿಟೀಸ್ ಅಕೌಂಟ್ ಮಾಡಿ, ವರದಿ ನೋಡುವಾಗ ಫಿಲ್ಟರ್ ಹಾಕಿಕೊಳ್ಳಿ. ಆಸ್ತಿ ಬಗೆ, ಕಂಪನಿ ಗಾತ್ರ, ಗುರಿ ಮೂರಕ್ಕೂ ಪ್ರತ್ಯೇಕ ಟ್ಯಾಕ್ಸಾನಮಿ (ತಂತ್ರಾಂಶದ ವಿಂಗಡಣೆ ಪಟ್ಟಿ). ಪ್ರತಿಯೊಂದರ ಮೊತ್ತವೂ ಬೇರೆಯಾಗಿಯೇ 100% ಆಗುವುದರಿಂದ ಒಂದೇ ಫಂಡ್ ಮೂರರಲ್ಲಿದ್ದರೂ ಲೆಕ್ಕ ಎರಡೆರಡು ಸಲ ಬರಲ್ಲ.

— ಮೇಲಿನದಕ್ಕೆ ಸೇರಿಸಿ: ಫಂಡ್ ಹೆಸರು ನೋಡಿ ಗುಂಪಿಗೆ ಹಾಕಬೇಡಿ. ಷೇರುಪೇಟೆ ನಿಯಂತ್ರಕ ಸೆಬಿ ಲೆಕ್ಕದಲ್ಲಿ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿ ಲಾರ್ಜ್, 101ರಿಂದ 250 ಮಿಡ್, ಆಮೇಲಿನದೆಲ್ಲ ಸ್ಮಾಲ್. ಲಾರ್ಜ್ ಕ್ಯಾಪ್ ಫಂಡ್ ಆ ಮೊದಲ 100ರಲ್ಲಿ 80% ಇಟ್ಟರೆ ಸಾಕು. ಷೇರು, ಸಾಲಪತ್ರ ಎರಡೂ ಇರುವ ಅಗ್ರೆಸಿವ್ ಹೈಬ್ರಿಡ್ ಫಂಡ್‌ನಲ್ಲಿ ಷೇರಿನ ಪಾಲು 65ರಿಂದ 80%. ಫಂಡಿನ ಫ್ಯಾಕ್ಟ್‌ಶೀಟ್‌ನಲ್ಲಿ (ಮಾಹಿತಿ ಪತ್ರ) 72% ಅಂತಿದ್ದರೆ ಷೇರಿನ ಗುಂಪಿನಲ್ಲಿ ಅದರ ತೂಕವನ್ನು 100ರಿಂದ 72ಕ್ಕೆ ಇಳಿಸಿ. ಉಳಿದ 28 ‘ವರ್ಗೀಕರಿಸದ’ ಸಾಲಿಗೆ ಹೋಗಿ ಕೂರುತ್ತೆ. ಅಲ್ಲಿಂದ ಎಳೆದು ಸಾಲಪತ್ರದ (ಡೆಟ್) ಗುಂಪಿಗೆ ಹಾಕಿ. ಆರು ತಿಂಗಳಿಗೊಮ್ಮೆ ಸರಿಪಡಿಸಿದರೆ ಸಾಕು. ಪ್ರತಿ ತಿಂಗಳು ಮಾಡೋದು ಹುಚ್ಚು.

— ಗುರಿಗೆ ಮಾತ್ರ ಈ ತೂಕದ ಆಟ ಬೇಡ. ಒಂದೇ ಫಂಡನ್ನು ಓದಿಗೆ 60, ನಿವೃತ್ತಿಗೆ 40 ಅಂತ ಹಂಚಿದರೆ ಆ ತೂಕ ಅಂಟುವುದು ಫಂಡಿಗೆ, ಯೂನಿಟ್‌ಗಳಿಗಲ್ಲ. ಓದಿಗೆ ಅಂತ ಒಂದಷ್ಟು ಮಾರಿದ ದಿನವೇ ನಿವೃತ್ತಿಯ ಪಾಲೂ ಕರಗಿದಂತೆ ಕಾಣುತ್ತೆ. ಒಂದೊಂದು ಗುರಿಗೆ ಬೇರೆ ಫೋಲಿಯೋ (ಫಂಡ್ ಕಂಪನಿಯಲ್ಲಿನ ಖಾತೆ) ತೆಗೆದು, ಅದೇ ಫಂಡನ್ನು ತಂತ್ರಾಂಶದಲ್ಲಿ ಎರಡು ಹೆಸರಲ್ಲಿ ಸೇರಿಸಿ.

— ‘ತೆರಿಗೆ’ ಅನ್ನೋ ಗುಂಪನ್ನೇ ಅಳಿಸಿ. ತೆರಿಗೆ ನಿಲ್ಲೋದು ಕೊಂಡ ತಾರೀಕಿನ ಮೇಲೆ. ಒಂದೇ ಡೆಟ್ ಫಂಡಿನಲ್ಲಿ 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಯೂನಿಟ್‌ಗಳ ಲಾಭ ಎಷ್ಟು ವರ್ಷ ಇಟ್ಟರೂ ನಿಮ್ಮ ಸ್ಲ್ಯಾಬ್ ದರಕ್ಕೆ, ಅದಕ್ಕೂ ಹಿಂದಿನವಕ್ಕೆ ಬೇರೆ ನಿಯಮ. ತೆರಿಗೆ ಉಳಿಸುವ ಇಎಲ್‌ಎಸ್‌ಎಸ್‌ ಫಂಡ್‌ನಲ್ಲಿ ಪ್ರತಿ ಎಸ್‌ಐಪಿ (ನಿಯಮಿತ ಹೂಡಿಕೆ) ಕಂತಿಗೂ ಅದರದ್ದೇ 3 ವರ್ಷದ ಬೀಗ.

— ವಿಂಗಡಣೆ ಎಷ್ಟು ಚೆನ್ನಾಗಿದ್ದರೂ ನಮೂದು ತಪ್ಪಿದರೆ ಏನೂ ತಾಳೆಯಾಗಲ್ಲ. ₹10,000 ಎಸ್‌ಐಪಿಯಲ್ಲಿ 0.005% ಸ್ಟ್ಯಾಂಪ್ ಡ್ಯೂಟಿ, ಅಂದರೆ 50 ಪೈಸೆ ಹೋಗುತ್ತೆ. ಯೂನಿಟ್ ಬರೋದು ₹9,999.50ಕ್ಕೆ. 50 ಪೈಸೆಯನ್ನು ತೆರಿಗೆ ಕಾಲಂಗೆ ಹಾಕದಿದ್ದರೆ ಎನ್‌ಎವಿ (ಒಂದು ಯೂನಿಟ್‌ನ ಬೆಲೆ) ಸ್ಟೇಟ್‌ಮೆಂಟ್‌ಗಿಂತ ಕೂದಲೆಳೆ ಹೆಚ್ಚು ತೋರಿಸುತ್ತೆ. ಡೈರೆಕ್ಟ್, ರೆಗ್ಯುಲರ್, ಗ್ರೋತ್, ಐಡಿಸಿಡಬ್ಲ್ಯೂ (ಲಾಭಾಂಶ ಹಂಚುವ ಬಗೆ) ಒಂದೊಂದಕ್ಕೂ ಐಎಸ್‌ಐಎನ್ (ಗುರುತಿನ ಸಂಖ್ಯೆ) ಬೇರೆ, ಹೆಸರು ನೋಡಿ ಆರಿಸಬೇಡಿ.

ಪಿಪಿಎಫ್ ಅನ್ನು ಡೆಪಾಸಿಟ್ ಅಕೌಂಟ್ ಮಾಡಿ, ಮಾರ್ಚ್ 31ಕ್ಕೆ ಬಡ್ಡಿ ನಮೂದಿಸಿ. ಟ್ಯಾಕ್ಸಾನಮಿಯಲ್ಲಿ ಅದನ್ನು ‘ನಗದು’ ಅಂತ ಬಿಡಬೇಡಿ, ಸಾಲಪತ್ರಕ್ಕೆ ಸರಿಸಿ. ಗೋಲ್ಡ್ ಬಾಂಡಿನ 2.5% ಬಡ್ಡಿ ವಿತರಣೆಯ ಬೆಲೆಯ ಮೇಲೆ, ಇವತ್ತಿನ ಚಿನ್ನದ ಬೆಲೆಯ ಮೇಲಲ್ಲ.

— ರಿಲಯನ್ಸ್ ಷೇರು ಇದ್ದರೆ ಇನ್ನೊಂದು ಮಾತು. 2023ರಲ್ಲಿ ಜಿಯೋ ಫೈನಾನ್ಶಿಯಲ್ ಬೇರೆಯಾದಾಗ ಸಿಕ್ಕ ಷೇರನ್ನು ಸೊನ್ನೆ ಬೆಲೆಗೆ ಬಂದದ್ದು ಅಂತ ಹಾಕಿದವರೇ ಜಾಸ್ತಿ. ಕೊಂಡ ಬೆಲೆಯ ಹಂಚಿಕೆ ರಿಲಯನ್ಸ್‌ಗೆ 95.32%, ಜಿಯೋಗೆ 4.68%. ₹2,00,000ಕ್ಕೆ ಕೊಂಡಿದ್ದರೆ ರಿಲಯನ್ಸ್‌ಗೆ ₹1,90,640, ಜಿಯೋಗೆ ₹9,360. ಹಳೇ ಖರೀದಿ ತಾರೀಕನ್ನು ಟಿಪ್ಪಣಿಯಲ್ಲಿ ಬರೆದಿಡಿ, ಎಷ್ಟು ದಿನ ಇಟ್ಟಿದ್ದೀರಿ ಅನ್ನೋದು ಅಲ್ಲಿಂದಲೇ ಎಣಿಕೆ.