ಟ್ರಾಕ್ಟರ್ ಲಿಫ್ಟ್ ತಣ್ಣಗಿದ್ದಾಗ ಎತ್ತುತ್ತೆ, ಬಿಸಿಯಾದ್ರೆ ಕುಸಿಯುತ್ತೆ: ಪಂಪೋ, ಸಿಲಿಂಡರೋ?

ಗದ್ದೆಬಯಲು (ಪಾಂಡವಪುರ):
35 ಎಚ್‌ಪಿ ಹಳೇ ಟ್ರಾಕ್ಟರ್. ಹೈಡ್ರಾಲಿಕ್ ಪಂಪು ಹೌಸಿಂಗ್ ಒಳಗೇ ಇರೋ ಫರ್ಗ್ಯೂಸನ್ ಮಾದರಿ. ಬೆಳಿಗ್ಗೆ ರೋಟವೇಟರ್ (ಹಿಂದೆ ಕಟ್ಟೋ, ಮಣ್ಣು ಕಲಕೋ ಯಂತ್ರ) ಸಲೀಸಾಗಿ ಏಳುತ್ತೆ. ಒಂದು ಗಂಟೆ ಕೆಸರು ಹೊಡೆದ ಮೇಲೆ ಅರ್ಧಕ್ಕೇ ನಿಲ್ಲುತ್ತೆ, ಎತ್ತಿ ಹಿಡಿದರೆ ಎರಡು ಮೂರು ಸೆಕೆಂಡಿಗೊಮ್ಮೆ ಜಗ್ಗುತ್ತೆ. ಇಂಜಿನ್ ಆಫ್ ಮಾಡಿದ ಅರ್ಧ ನಿಮಿಷಕ್ಕೆ ನೆಲ ಮುಟ್ಟುತ್ತೆ. ಆಯಿಲ್ ಲೆವೆಲ್ ಸರಿ ಇದೆ, ಬಣ್ಣ ಮಾತ್ರ ಹಾಲು ಹಾಕಿದ ಕಾಫಿ ಥರ. ಪಂಪ್ ಬದಲಾಯಿಸಿ ಅಂತಿದ್ದಾರೆ. ನಾಲೆಗೆ ನೀರು ಬಂದಿದೆ, ನಾಟಿಗೆ ಹೆಚ್ಚು ದಿನ ಇಲ್ಲ.

ಸ್ಪ್ಯಾನರ್ ಮಂಡ್ಯ:
ಈಗಲೇ ಪಂಪಿಗೆ ದುಡ್ಡು ಹಾಕಬೇಡಿ. ಇಂಜಿನ್ ನಿಂತ ಮೇಲೆ ಪಂಪ್ ತಿರುಗೋದೇ ಇಲ್ಲ. ಆಮೇಲೂ ಭಾರ ಇಳಿಯುತ್ತೆ ಅಂದ್ರೆ ಹಿಡಿದಿಟ್ಟ ಆಯಿಲ್ ಎಲ್ಲೋ ಸೋರ್ತಿದೆ. ಆ ಜಗ್ಗಾಟಕ್ಕೂ ಅದೇ ಕಾರಣ. ಆಯಿಲ್ ಸೋರಿ ಲಿಫ್ಟ್ ಒಂಚೂರು ಇಳಿಯುತ್ತೆ, ಅದಕ್ಕೆ ಜೋಡಿಸಿದ ಲಿವರ್‌ಗಳು (ಲಿಂಕೇಜ್) ಪಂಪಿನ ವಾಲ್ವನ್ನ ತೆರೆಯುತ್ತವೆ, ಪಂಪ್ ಮತ್ತೆ ತುಂಬಿಸುತ್ತೆ. ತಣ್ಣಗಿದ್ದಾಗ ಆಯಿಲ್ ದಪ್ಪ ಇರೋದ್ರಿಂದ ಸೋರಿಕೆ ಕಾಣಲ್ಲ.

ಕಣ್ಣಾರೆ ನೋಡಬಹುದು. ಪಕ್ಕದ ಇನ್‌ಸ್ಪೆಕ್ಷನ್ ಕವರ್‌ನ ಕೆಳಗಿನ ಅಂಚಿಗಿಂತ ಕೆಳಗೆ ಬರೋವರೆಗೆ ಆಯಿಲ್ ಇಳಿಸಿ, ಕವರ್ ಬಿಚ್ಚಿ. ಪಂಪಿನ ಸ್ಟ್ರೈನರ್ (ಆಯಿಲ್ ಸೋಸೋ ಜಾಲರಿ) ತಳದಲ್ಲಿರೋದ್ರಿಂದ ಮುಳುಗೇ ಇರುತ್ತೆ, ಲಿಫ್ಟ್ ಕೆಲಸ ಮಾಡುತ್ತೆ. ರೋಟವೇಟರ್ ಎತ್ತಿ, ಇಂಜಿನ್ ಆಫ್ ಮಾಡಿ, ಟಾರ್ಚ್ ಹಾಕಿ ನೋಡಿ. ಇಂಜಿನ್ ಓಡುವಾಗ ಒಳಗೆ ಕೈ ಹಾಕಲೇಬೇಡಿ. ರೋಟವೇಟರ್ ಕೆಳಗೆ ಮರದ ದಿಮ್ಮಿ ಇಡಿ, ಆದರೆ ಭಾರ ಅದರ ಮೇಲೆ ಕೂರದಷ್ಟು ಅಂತರ ಇರಲಿ. ಇಲ್ಲದಿದ್ದರೆ ಸೋರಿಕೆ ನಿಂತು ಏನೂ ಕಾಣಲ್ಲ.

ಮೇಲೆ ಸಿಲಿಂಡರಿನ ಪಿಸ್ಟನ್ ಕಡೆಯಿಂದ ಸುರಿದರೆ ಪಿಸ್ಟನ್ ರಿಂಗು. ಸ್ಟ್ಯಾಂಡ್‌ಪೈಪ್ (ಪಂಪಿನಿಂದ ಮೇಲೆ ಸಿಲಿಂಡರಿಗೆ ಆಯಿಲ್ ಒಯ್ಯೋ ಪೈಪ್) ಬುಡದಿಂದ ಚಿಮ್ಮಿದರೆ ಅದರ ಓ ರಿಂಗು, ಅಂದ್ರೆ ಬಳೆ ಥರದ ರಬ್ಬರ್ ಸೀಲು. ಎರಡೂ ಒಣಗಿದ್ದು ಪಂಪಿನ ಮೈಯಿಂದ ಬಂದರೆ ಮಾತ್ರ ಪಂಪಿನ ವಾಲ್ವ್, ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ಆಯಿಲ್ ಬಿಡೋ ವಾಲ್ವ್) ಕಡೆ ಹೋಗಿ.

ಕಾವೇರಿ ದಂಡೆ:
ಆ ಕಾಫಿ ಬಣ್ಣ ನೀರಿಂದು. ಕಾದ ತವಾ ಮೇಲೆ ಒಂದು ಹನಿ ಬಿಡಿ. ಒಗ್ಗರಣೆ ಥರ ಚಟಪಟ ಅಂದ್ರೆ ನೀರು ಇರೋದು ಖಚಿತ. ಗೇರ್ ಲಿವರ್ ರಬ್ಬರ್ ಬೂಟ್, ಪಿಟಿಓ (ರೋಟವೇಟರ್ ತಿರುಗಿಸೋ ಹಿಂದಿನ ಶಾಫ್ಟ್) ಸೀಲ್, ಆಕ್ಸಲ್ ಸೀಲ್, ಡಿಪ್‌ಸ್ಟಿಕ್ ಎಲ್ಲಾ ನೋಡಿ. ಕೆಸರುಗದ್ದೆಯಲ್ಲಿ ಓಡೋ ಗಾಡಿಗೆ ನೀರು ನುಗ್ಗೋದು ಇಲ್ಲೇ. ಗಾಡಿ ತೊಳೆಯುವಾಗ ಲಿವರ್ ಬೂಟ್ ಮೇಲೆ ಪ್ರೆಶರ್ ಪೈಪ್ ಹಿಡಿಯೋರೂ ಇದಾರೆ, ದಯವಿಟ್ಟು ಬೇಡ.

ಇದರಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಆಯಿಲ್. ಆಯಿಲ್ ಬಿಸಿ ಇದ್ದಾಗ ಎಲ್ಲಾ ಡ್ರೈನ್ ಪ್ಲಗ್ ಬಿಚ್ಚಿ, ಸ್ಟ್ರೈನರ್ ಡೀಸೆಲ್‌ನಲ್ಲಿ ತೊಳೆಯಿರಿ. ಗ್ರೇಡ್ ಕೈಪಿಡಿ ನೋಡಿಯೇ ಹಾಕಿ. ದಪ್ಪ ಇದ್ರೆ ಲಿಫ್ಟ್ ಹಿಡಿಯುತ್ತೆ ಅಂತ 90 ಗೇರ್ ಆಯಿಲ್ ಸುರಿಯಬೇಡಿ, ಚಳಿಯಲ್ಲಿ ಪಂಪ್ ಅದನ್ನ ಎಳೆದುಕೊಳ್ಳೋಕೇ ಕಷ್ಟಪಡುತ್ತೆ.

ಗದ್ದೆಬಯಲು (ಪಾಂಡವಪುರ):
ಸಿಲಿಂಡರ್ ಕಡೆ ಒಣಗಿದೆ. ಸ್ಟ್ಯಾಂಡ್‌ಪೈಪ್ ಬುಡದಲ್ಲಿ ತೆಳ್ಳಗೆ ಧಾರೆ. ಪೈಪ್ ಎಳೆದರೆ ಕೆಳಗಿನ ಓ ರಿಂಗ್ ಒಂದು ಕಡೆ ಚಪ್ಪಟೆ, ಉಗುರಲ್ಲಿ ಒತ್ತಿದರೂ ತಗ್ಗಲ್ಲ, ಒಂದು ಕಡೆ ಸೀಳಿದೆ.

ಸ್ಪ್ಯಾನರ್ ಮಂಡ್ಯ:
ಸಿಕ್ತಲ್ಲ! ಮೇಲಿನದು ಚೆನ್ನಾಗಿ ಕಂಡರೂ ಎರಡನ್ನೂ ಬದಲಾಯಿಸಿ. ಹಳೇ ರಿಂಗ್ ಜೊತೆಗೆ ಒಯ್ದು ಅಳತೆ ತಾಳೆ ನೋಡಿ, ಆಯಿಲ್ ತಡೆಯೋ ನೈಟ್ರೈಲ್ ರಬ್ಬರ್‌ದೇ ಕೇಳಿ. ಮೋಟರ್ ಪಂಪ್ ಅಂಗಡಿಯ ಸಾಮಾನ್ಯ ವಾಷರ್ ಇಲ್ಲಿ ನಡೆಯಲ್ಲ. ರಿಂಗ್ ಕೂರೋ ಜಾಗದಲ್ಲಿ ಗೀರು, ತುಕ್ಕು ಇದ್ರೆ ನಯವಾದ ಎಮರಿ ಪೇಪರ್‌ನಲ್ಲಿ ಉಜ್ಜಿ, ಒರೆಸಿ. ರಿಂಗಿಗೆ ಆಯಿಲ್ ಸವರಿ, ಪೈಪನ್ನ ನೇರಕ್ಕೆ ಕೈಯಲ್ಲೇ ಒತ್ತಿ ಕೂರಿಸಿ. ಸುತ್ತಿಗೆ ಬೇಡ, ರಿಂಗ್ ಕತ್ತರಿಸುತ್ತೆ. ಮುಂದೆ ಯಾವತ್ತಾದರೂ ಲಿಫ್ಟ್ ಟಾಪ್ ಕವರ್ ಎತ್ತಬೇಕಾದರೆ ಮೊದಲು ಈ ಪೈಪ್ ತೆಗೆದಿರಬೇಕು. ವಾಪಸ್ ಕೂರಿಸುವಾಗ ಕವರಿನ ಉದ್ದ ಲಿವರ್ ಪಂಪಿನ ಲಿವರ್‌ಗೆ ಸರಿಯಾಗಿ ಕೂತಿದೆಯಾ ಅಂತ ಇದೇ ಕಿಂಡಿಯಿಂದ ನೋಡ್ಕೊಳ್ಳಿ.

ಹೊಸ ಆಯಿಲ್ ಹಾಕಿ, ಲಿಫ್ಟ್ ಹತ್ತು ಹದಿನೈದು ಸಲ ಮೇಲೆ ಕೆಳಗೆ ಆಡಿಸಿ, ಲೆವೆಲ್ ಮತ್ತೆ ನೋಡಿ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ರೋಟವೇಟರ್ ಎತ್ತಿ ಇಂಜಿನ್ ಆಫ್ ಮಾಡಿ, ಎಷ್ಟು ಹೊತ್ತು ನಿಲ್ಲುತ್ತೆ ಬರೀರಿ. ನೀರು ಬಂದ ದಾರಿ ಮುಚ್ಚೋವರೆಗೆ ಗದ್ದೆಗಿಳಿಸಬೇಡಿ.