ಕಾಲುವೆಯ ನೀರು ನಿಲ್ಲಿಸಿದ ಮೇಲೆ ಇಳಿಜಾರು ಜಾರುವುದೇಕೆ?

ಪ್ರಶ್ನೆ: ದಾವಣಗೆರೆ ಸಮೀಪದ ಭದ್ರಾ ಅಚ್ಚುಕಟ್ಟಿನಲ್ಲಿ, ಎರೆಮಣ್ಣಿನಲ್ಲಿ ತೋಡಿದ ಲೈನಿಂಗ್ ಇಲ್ಲದ ಉಪಕಾಲುವೆಯೊಂದರ ಇಳಿಜಾರು ತುಂಬಿ ಹರಿಯುವಾಗ ಗಟ್ಟಿಯಾಗಿದ್ದು, ನೀರು ಬಂದ್ ಮಾಡಿದ ಕೂಡಲೇ ಜಾರಿದೆ. ಪರಿಶೀಲನೆಗೆ ಯುಯು ಟ್ರೈಯಾಕ್ಸಿಯಲ್ ಪರೀಕ್ಷೆಯ (ಮಣ್ಣಿನ ಮಾದರಿಯನ್ನು ಸುತ್ತಲಿಂದ ಒತ್ತಿ, ನೀರು ಬಸಿಯಲು ಬಿಡದೆಯೇ ಮುರಿದು ಬಲ ಅಳೆಯುವುದು) ಫಲಿತಾಂಶ ಸಾಕೇ?

ಉತ್ತರ 1: ಸಾಲದು ಸರ್. ಕಾಲುವೆಯ ನೀರು ಇಳಿಜಾರಿಗೆ ಹೊರಗಿನಿಂದ ಆಸರೆಯಾಗಿರುತ್ತದೆ. ಅದು ಇಳಿದರೂ, ಎರೆಮಣ್ಣಿನಲ್ಲಿ ನೀರು ಅತಿ ನಿಧಾನವಾಗಿ ಬಸಿಯುವುದರಿಂದ ಒಳಗಿನ ರಂಧ್ರ ಒತ್ತಡ (ಮಣ್ಣಿನ ಕಣಗಳ ನಡುವಿನ ನೀರಿನ ಒತ್ತಡ) ಬಹುಪಾಲು ಹಾಗೆಯೇ ಉಳಿಯುತ್ತದೆ. ಮಣ್ಣಿನ ಯಂತ್ರಶಾಸ್ತ್ರದ ಪಿತಾಮಹ ಟೆರ್ಜಾಗಿ ವಿವರಿಸಿದಂತೆ ಮಣ್ಣಿನ ಬಲ ನಿಂತಿರುವುದು ಒಟ್ಟು ಒತ್ತಡದ ಮೇಲಲ್ಲ, ಅದರಲ್ಲಿ ರಂಧ್ರ ಒತ್ತಡವನ್ನು ಕಳೆದು ಉಳಿದ ಪರಿಣಾಮಕಾರಿ ಒತ್ತಡದ ಮೇಲೆ. ಆದ್ದರಿಂದ ಮಾದರಿಯನ್ನು ಪೂರ್ಣ ನೀರುಂಡಂತೆ ಮಾಡಿ, ರಂಧ್ರ ಒತ್ತಡ ಅಳೆಯುವ ಸಿಯು ಪರೀಕ್ಷೆ (ಸುತ್ತಲಿಂದ ಒತ್ತುವಾಗ ನೀರು ಬಸಿಯಲು ಬಿಟ್ಟು, ಮುರಿಯುವಾಗ ಬಿಡದಿರುವುದು) ಮಾಡಿಸಿ. ಜಾರಿಕೆ ಎರಡು ಮೀಟರ್ ಆಳದ್ದಾಗಿದ್ದರೆ, ಮುಳುಗಿದ ಸ್ಥಿತಿಯಲ್ಲಿ ಅಲ್ಲಿನ ಪರಿಣಾಮಕಾರಿ ಒತ್ತಡ 15ರಿಂದ 20 ಕಿಲೋಪಾಸ್ಕಲ್ ಮಾತ್ರ. ಪ್ರಯೋಗಾಲಯದವರು ರೂಢಿಯಂತೆ 100, 200, 300 ಕಿಲೋಪಾಸ್ಕಲ್ ಒತ್ತಡದಲ್ಲಿ ಪರೀಕ್ಷಿಸಿ, ಬಲದ ಗೆರೆಯನ್ನು ಸೊನ್ನೆ ಒತ್ತಡದವರೆಗೆ ಹಿಂದಕ್ಕೆ ಎಳೆದರೆ, ಇಲ್ಲದ ಕೊಹೆಷನ್ (ಒತ್ತಡವಿಲ್ಲದೆಯೂ ಮಣ್ಣಿಗಿರುವ ಅಂಟುಬಲ) ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ.

ಉತ್ತರ 2: ಮೇಲಿನದಕ್ಕೆ ನನ್ನ ಸಹಮತವಿದೆ, ಆದರೆ ಬೇಸಿಗೆಯ ಬಿರುಕುಗಳನ್ನೂ ಗಮನಿಸಬೇಕು. 38 ಮಿಲಿಮೀಟರ್ ವ್ಯಾಸದ ಮಾದರಿಯಲ್ಲಿ ಅವು ಸಿಗುವುದೇ ಅಪರೂಪ. ಜಾರಿದ ಮೇಲ್ಮೈ ಕೈಗೆ ನುಣುಪಾಗಿ, ಗೆರೆಗೆರೆಯಾಗಿ ತಾಗಿದರೆ ಅಲ್ಲಿ ಶಿಖರ ಬಲವನ್ನು (ಮುರಿಯುವ ಮುನ್ನ ಮಣ್ಣು ತೋರುವ ಗರಿಷ್ಠ ಬಲ) ನಂಬಬಾರದು, ಶೇಷ ಬಲವನ್ನೇ (ಬಹಳಷ್ಟು ಜಾರಿದ ಮೇಲೆ ಉಳಿಯುವ ಬಲ) ಹಿಡಿಯಬೇಕು. ಬ್ರಿಟಿಷ್ ಮಣ್ಣು ತಜ್ಞ ಸ್ಕೆಂಪ್ಟನ್ 1964ರ ರ‍್ಯಾಂಕಿನ್ ಉಪನ್ಯಾಸದಲ್ಲಿ ಚರ್ಚಿಸಿದ್ದು ಇದನ್ನೇ.

ಪ್ರಶ್ನೆ ಕೇಳಿದವರು: ಜಾರಿದ ಭಾಗಕ್ಕೆ ಗ್ರಾವೆಲ್ ಮಣ್ಣು ತುಂಬಿದರೆ ಆಗುವುದೇ?

ಉತ್ತರ 1: ಆಗುತ್ತದೆ. ಆದರೆ ಅದರ ಹಿಂದೆ ಮರಳಿನ ಫಿಲ್ಟರ್ ಮತ್ತು ಬುಡದಲ್ಲಿ ನೀರು ಹೊರಹೋಗುವ ದಾರಿ ಇರಲೇಬೇಕು. ತೂಬನ್ನು ಒಮ್ಮೆಗೇ ಮುಚ್ಚದೆ ಹಂತಹಂತವಾಗಿ ಇಳಿಸಿದರೂ ಸ್ವಲ್ಪ ಅನುಕೂಲವಾಗುತ್ತದೆ, ಆದರೂ ಎರೆಮಣ್ಣು ಬಸಿಯುವ ವೇಗಕ್ಕೆ ಕಾಯಲು ಯಾರಿಗೂ ಪುರುಸೊತ್ತಿರುವುದಿಲ್ಲ.